ದೃಷ್ಟಿ ತಗ್ಗಿಸಬೇಕಾದುದು ಪರದೆಯ ಮುಂದೆಯೂ

2020ರ ಜೂನ್ ತಿಂಗಳಲ್ಲಿ ಪಬ್ಜಿ ಮೊಬೈಲ್ ಆಟಕ್ಕೆ ‘ಮಿಸ್ಟೀರಿಯಸ್ ಜಂಗಲ್’ ಎಂಬ ಹೊಸ ಭಾಗವೊಂದು ಸೇರ್ಪಡೆಯಾಯಿತು. ಕಾಡಿನ ನಡುವೆ ನೆಟ್ಟ ವಿಗ್ರಹದ ಮುಂದೆ ಆಟಗಾರನ ಪಾತ್ರವು ಬಾಗಿದರೆ ಅದಕ್ಕೆ ಶಕ್ತಿಯೂ ಸಾಮಗ್ರಿಯೂ ದೊರೆಯುತ್ತಿತ್ತು. ಕೊಲ್ಲಿ ರಾಷ್ಟ್ರಗಳ ಮುಸ್ಲಿಮರಿಂದ ಪ್ರತಿಭಟನೆ ವ್ಯಕ್ತವಾದೊಡನೆ ಕಂಪೆನಿಯು ಕ್ಷಮೆ ಯಾಚಿಸಿ ಅದನ್ನು ತೆಗೆದುಹಾಕಿತು. 2021ರ ನವೆಂಬರ್‌ನಲ್ಲಿ ‘ಕಾಲ್ ಆಫ್ ಡ್ಯೂಟಿ: ವ್ಯಾನ್‌ಗಾರ್ಡ್’ ಎಂಬ ಆಟದಲ್ಲಿ ಪವಿತ್ರ ಕುರ್‌ಆನ್‌ನ ಹಾಳೆಗಳು ನೆಲದ ಮೇಲೆ ಚೆಲ್ಲಿರುವುದು ಕಂಡುಬಂದಾಗಲೂ ಇದೇ ನಡೆಯಿತು. ಅಲ್ಲಿಯೂ ಕ್ಷಮೆ ಕೇಳಲಾಯಿತು, ದೃಶ್ಯವನ್ನು ಅಳಿಸಲಾಯಿತು.

ಈ ಪ್ರತಿಭಟನೆಗಳು ನ್ಯಾಯವಾದುವು. ಆದರೆ ವಿಗ್ರಹ ತೆರವಾದ ಮರುದಿನ ನಮ್ಮ ಯುವಕ ಅದೇ ಆಟಕ್ಕೆ ನಿಶ್ಚಿಂತೆಯಿಂದ ಮರಳಿದನಲ್ಲ, ಆಗ ಅವನ ಕಣ್ಣೆದುರು ಇದ್ದುದೇನು? ಅರೆಬರೆ ಉಡುಪಿನ ಪಾತ್ರಗಳು, ಬಿದ್ದವನ ಮೇಲೆ ಮತ್ತೆ ಗುಂಡು, ಜೊತೆಗೆ ಆಡುವ ಅಪರಿಚಿತರ ಬಾಯಿಂದ ಹೊರಡುವ ಅವಾಚ್ಯ ಬೈಗುಳ. ಇವುಗಳಲ್ಲಿ ಯಾವುದೂ ನಮ್ಮನ್ನು ಬೀದಿಗಿಳಿಸಲಿಲ್ಲ. ಧರ್ಮದ ಚಿಹ್ನೆಗೆ ಅವಮಾನವಾದಾಗ ಎಚ್ಚರವಾಗುವ ನಾವು ಧರ್ಮದ ನಡತೆಗೆ ಧಕ್ಕೆಯಾದಾಗ ಮಲಗಿಯೇ ಇರುತ್ತೇವೆ.

ಬಳ್ಳಾರಿಯ ಕೌಲ್ ಬಜಾರ್ ಇರಲಿ, ನಗರದ ಮಗ್ಗುಲಲ್ಲಿರುವ ಹಲಕುಂದಿ ಇರಲಿ, ಈ ವಿಷಯದಲ್ಲಿ ಭೇದವಿಲ್ಲ. 2020ರಲ್ಲಿ ಶಾಲೆಗಳು ಮುಚ್ಚಿ ಪಾಠವು ಮೊಬೈಲಿಗೆ ಬಂದಾಗ, ಜೀನ್ಸ್ ಹೊಲಿದು ಹೊಟ್ಟೆ ಹೊರೆಯುವ ಮನೆಯವರೂ ಸಾಲ ಮಾಡಿ ಮಕ್ಕಳಿಗೆ ಫೋನ್ ಕೊಡಿಸಬೇಕಾಯಿತು. ಪಾಠ ಮುಗಿಯಿತು, ಫೋನ್ ಉಳಿಯಿತು. ಆ ವರ್ಷದ ಸೆಪ್ಟೆಂಬರ್ 2ರಂದು ಕೇಂದ್ರ ಸರಕಾರ ಪಬ್ಜಿಯೂ ಸೇರಿದಂತೆ 118 ಆ್ಯಪ್‌ಗಳನ್ನು ನಿಷೇಧಿಸಿದಾಗ ಎಷ್ಟೋ ತಾಯಂದಿರು ನಿಟ್ಟುಸಿರು ಬಿಟ್ಟಿರಬೇಕು. ಆದರೆ ನಿಷೇಧಕ್ಕೆ ಕಾರಣವಾಗಿದ್ದುದು ಚೀನಾದೊಂದಿಗಿನ ಗಡಿ ಸಂಘರ್ಷ ಮತ್ತು ದೇಶದ ಭದ್ರತೆಯೇ ಹೊರತು ನಮ್ಮ ಮಕ್ಕಳ ಚಾರಿತ್ರ್ಯವಲ್ಲ. 2021ರ ಜುಲೈಯಲ್ಲಿ ಅದೇ ಆಟ ಬಿಜಿಎಂಐ ಎಂಬ ಹೆಸರು ಹೊತ್ತು ಮರಳಿತು. ರಕ್ತದ ಕೆಂಪು ಬಣ್ಣವನ್ನು ಹಸಿರಾಗಿಸಿದ್ದೇ ಒಂದು ಸುಧಾರಣೆ! ಅಪ್ರಾಪ್ತರಿಗೆ ಸಮಯದ ಮಿತಿಯನ್ನೇನೋ ವಿಧಿಸಲಾಯಿತು. ಆದರೆ ವಯಸ್ಸನ್ನು ಹೇಳಬೇಕಾದವನು ಆಡುವವನೇ ಆಗಿರುವಾಗ ಅಂಥ ಮಿತಿಯ ಬೆಲೆಯೆಷ್ಟು?

ವಯಸ್ಸಿನ ಗುರುತಿನ ಬಗ್ಗೆಯೂ ಒಂದು ಮಾತು. ಅಮೆರಿಕದಲ್ಲಿ 1994ರಿಂದ, ಯುರೋಪಿನಲ್ಲಿ 2003ರಿಂದ ಆಟಗಳಿಗೆ ವಯೋಮಾನದ ಅಂಕ ನೀಡುವ ವ್ಯವಸ್ಥೆ ಇದೆ. ನಮ್ಮ ಪ್ಲೇ ಸ್ಟೋರ್‌ನಲ್ಲಿಯೂ ಪ್ರತಿ ಆಟದ ಜೊತೆಗೆ 3, 7, 12, 16, 18 ಎಂಬ ಅಂಕಗಳಲ್ಲೊಂದು ಕಾಣುತ್ತದೆ. ಅದನ್ನು ಓದುವ ಹೆತ್ತವರು ಎಷ್ಟು ಮಂದಿ? ಹಾಗೆಂದು ಅಂಕವನ್ನೇ ನಂಬಿ ಕೂರುವಂತೆಯೂ ಇಲ್ಲ. 2005ರಲ್ಲಿ ‘ಗ್ರ್ಯಾಂಡ್ ಥೆಫ್ಟ್ ಆಟೋ: ಸ್ಯಾನ್ ಆಂಡ್ರಿಯಾಸ್’ನ ಒಳಗೆ ಅಡಗಿಸಿಟ್ಟಿದ್ದ ಲೈಂಗಿಕ ದೃಶ್ಯವು ಬಯಲಾದ ನಂತರವೇ ಅಮೆರಿಕದ ಮಂಡಳಿಯು ಅದನ್ನು ವಯಸ್ಕರಿಗೆ ಮಾತ್ರ ಎಂದು ಬದಲಿಸಿತು. ಅಷ್ಟರಲ್ಲಿ ಅದು ಲಕ್ಷಾಂತರ ಮನೆಗಳನ್ನು ಹೊಕ್ಕಾಗಿತ್ತು. ಇಷ್ಟಕ್ಕೂ 18 ದಾಟಿದವನಿಗೆ ಅಶ್ಲೀಲವು ಹಲಾಲ್ ಆಗುತ್ತದೆಂದು ಯಾವ ವಿದ್ವಾಂಸರೂ ಹೇಳಿಲ್ಲ.

ಯುವಕರ ವಾದವೊಂದಿದೆ: ‘ಅದು ಬರಿಯ ಚಿತ್ರ, ನಿಜವಾದ ಹೆಣ್ಣಲ್ಲ, ನಿಜವಾದ ಕೊಲೆಯಲ್ಲ.’ ಕೊಲೆಯ ಮಟ್ಟಿಗೆ ಈ ವಾದದಲ್ಲಿ ಸ್ವಲ್ಪ ಹುರುಳಿದೆ. ಆಟದಲ್ಲಿ ಗುಂಡು ಹಾರಿಸಿದವನೆಲ್ಲ ಬೀದಿಯಲ್ಲಿ ಹಾರಿಸುವುದಿಲ್ಲ. ಹಾಗೆ ಹೆದರಿಸುವ ಹಿರಿಯರ ಮಾತನ್ನು ಮಕ್ಕಳು ನಂಬುವುದೂ ಇಲ್ಲ. ಆದರೆ ಕಣ್ಣಿನ ವಿಷಯ ಬೇರೆ. ಅಶ್ಲೀಲ ಚಿತ್ರವು ಮನಸ್ಸಿನಲ್ಲಿ ಕೆರಳಿಸುವ ಕಾಮನೆ ಚಿತ್ರವಲ್ಲ, ಅದು ನಿಜವಾದುದೇ. ಅನ್ನೂರ್ ಅಧ್ಯಾಯದ 30ನೇ ಸೂಕ್ತವು ದೃಷ್ಟಿಯನ್ನು ತಗ್ಗಿಸಿಕೊಳ್ಳಲು ಆದೇಶಿಸುವಾಗ ಮೊದಲು ಸಂಬೋಧಿಸುವುದು ಪುರುಷರನ್ನು, ಸ್ತ್ರೀಯರ ಸರದಿ ನಂತರದ ಸೂಕ್ತದಲ್ಲಿ ಬರುತ್ತದೆ. ಮಗಳ ಉಡುಪಿನ ಬಗ್ಗೆ ಗಂಟೆಗಟ್ಟಲೆ ಉಪದೇಶಿಸುವ ಮನೆಗಳಲ್ಲಿ ಮಗನ ಪರದೆಯ ಬಗ್ಗೆ ಒಂದು ಪ್ರಶ್ನೆಯೂ ಏಳದಿರುವುದು ಈ ಅನುಕ್ರಮವನ್ನೇ ತಲೆಕೆಳಗಾಗಿಸಿದಂತೆ.

ಹಾಗಾದರೆ ಆಟವನ್ನೇ ಹರಾಮೆಂದು ಸಾರಿಬಿಡಬೇಕೇ? ಈದ್‌ನ ದಿನ ಮಸೀದಿಯಲ್ಲಿ ಅಬಿಸೀನಿಯದವರು ಈಟಿಗಳೊಂದಿಗೆ ಆಡಿದಾಗ ಪ್ರವಾದಿ(ಸ) ತಡೆಯಲಿಲ್ಲ, ಆಯಿಷಾ(ರ)ರಿಗೆ ಅದನ್ನು ನೋಡಲು ಅನುವು ಮಾಡಿಕೊಟ್ಟರು. ವಿನೋದಕ್ಕೆ ಎಡೆಯಿರುವ ಧರ್ಮವಿದು. ಆದ್ದರಿಂದ ವಿವೇಕವುಳ್ಳ ಯುವಕನು ಆಟದಿಂದ ಆಟಕ್ಕೆ ತೂಗಿ ನೋಡಲಿ. ಕೆಲವು ಆಟಗಳಲ್ಲಿ ಆಕ್ಷೇಪಾರ್ಹ ದೃಶ್ಯವನ್ನು ಬಿಟ್ಟು ಮುಂದೆ ಸಾಗುವ ಆಯ್ಕೆ ಇರುತ್ತದೆ. 2009ರ ‘ಮಾಡರ್ನ್ ವಾರ್‌ಫೇರ್ 2’ರಲ್ಲಿ ವಿಮಾನ ನಿಲ್ದಾಣದ ಅಮಾಯಕರನ್ನು ಹತ್ಯೆಗೈಯುವ ಭಾಗವನ್ನು ಹಾಗೆ ಬಿಡಬಹುದಿತ್ತು. ದೋಷವು ಒಂದು ಮೂಲೆಯಲ್ಲಿದ್ದರೆ ಈ ದಾರಿ ಸಾಕು. ಅಶ್ಲೀಲವೇ ಆಟದ ಆಕರ್ಷಣೆಯಾಗಿದ್ದರೆ ಅದನ್ನು ಫೋನಿನಿಂದ ಅಳಿಸುವುದೊಂದೇ ದಾರಿ. ಆಗ ಗೆಳೆಯರು ನಗುತ್ತಾರೆ, ‘ಮುಲ್ಲಾ’ ಎಂದು ಛೇಡಿಸುತ್ತಾರೆ. ಹದಿನೇಳರ ಹರೆಯದಲ್ಲಿ ಅದು ಸಣ್ಣ ಪರೀಕ್ಷೆಯಲ್ಲ. ಹಿರಿಯರು ಇದನ್ನು ಅರಿತು ಮಾತಾಡಬೇಕು.

ಹಣ ಕಟ್ಟಿ ಆಡುವ ಆಟಗಳನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಕಾನೂನಿನ ಮೂಲಕ ನಿಷೇಧಿಸಿತು. ಜೂಜಿನ ವಿಷಯದಲ್ಲಿ ಅಲ್‌ಮಾಇದ ಅಧ್ಯಾಯವನ್ನು ಓದಿದವರಿಗೆ ಅದು ಸ್ವಾಗತಾರ್ಹವೇ. ಆದರೆ ಮಗನ ಫೋನಿನಲ್ಲಿ ಯಾವ ಆಟವಿದೆ ಎಂದು ನೋಡಲು ಯಾವ ಕಾನೂನೂ ಮನೆಯೊಳಗೆ ಬರುವುದಿಲ್ಲ. ಪ್ಲೇ ಸ್ಟೋರ್‌ನ ಸೆಟ್ಟಿಂಗ್ಸ್‌ನಲ್ಲಿ ವಯಸ್ಸಿನ ಮಿತಿ ನಿಗದಿಪಡಿಸಿ ಪಿನ್ ಹಾಕಲು ಐದು ನಿಮಿಷ ಸಾಕು. ಅದು ಹೇಗೆಂದು ಹೆತ್ತವರಿಗೆ ತೋರಿಸಿಕೊಡುವ ಕೆಲಸವನ್ನು ಮೊಹಲ್ಲಾದ ಮಸೀದಿ ಸಮಿತಿಗಳು ಜುಮಾದ ನಂತರ ಮಾಡಬಹುದು. ಫೋನ್ ಬಲ್ಲ ಯುವಕರನ್ನೇ ಅದಕ್ಕೆ ನೇಮಿಸಲಿ.