ಫ್ರೇಯ್ ಗೊತ್ತು, ಭೂಮಿ ಹುಣ್ಣಿಮೆ ಗೊತ್ತಿಲ್ಲ

ನಮ್ಮ ತರಗತಿಯ ಅರ್ಧ ಹುಡುಗರಿಗೆ ವೈಕಿಂಗರ ದೇವರ ಹೆಸರುಗಳು ಬಾಯಿಪಾಠ. ಮೊಬೈಲ್ ಗೇಮ್‌ಗಳ ಕೃಪೆ! ಮಳೆ, ಬಿಸಿಲು, ಬೆಳೆ ಎಲ್ಲ ಫ್ರೇಯ್‌ನ ಕೈಯಲ್ಲಿದೆ ಎಂದು ಆ ಜನ ನಂಬಿದ್ದರೆಂಬುದನ್ನೂ ಹೇಳುತ್ತಾರೆ. ಆದರೆ ಮತ್ತಿಘಟ್ಟದ ಕಡೆಯಿಂದ ಬರುವ ಸಹಪಾಠಿ ಕಳೆದ ವರ್ಷ ಡಬ್ಬಿಯಲ್ಲಿ ಕಡುಬು ತಂದಾಗ, ಅದು ಯಾವ ಹಬ್ಬದ್ದೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನಗೂ.

ಕೇಳಿ ತಿಳಿದುಕೊಂಡೆ. ಆಶ್ವೀಜದ ಹುಣ್ಣಿಮೆಯ ಹೊತ್ತಿಗೆ ಭತ್ತದ ಪೈರು ಹೊಡೆ ತುಂಬಿರುತ್ತದೆ. ರೈತರ ಕಣ್ಣಿಗೆ ಆಗ ಭೂಮಿ ಬಸುರಿ. ಮನೆಮಗಳಿಗೆ ಬಯಕೆ ಊಟ ಬಡಿಸಿದಂತೆ ಗದ್ದೆಗೂ ಬಡಿಸುತ್ತಾರೆ. ದೀವರ ಮನೆಗಳಲ್ಲಿ ಬಿದಿರಿನ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಪುಂಡಿನಾರಿನಿಂದ ಚಿತ್ತಾರ ಬರೆಯುತ್ತಾರೆ. ಅದೇ ಭೂಮಣ್ಣಿ ಬುಟ್ಟಿ. ರಾತ್ರಿಯೆಲ್ಲ ಅಡುಗೆ. ಬೆಳಕು ಹರಿಯುವ ಮೊದಲೇ ಸೊಪ್ಪು ತರಕಾರಿ ಬೇಯಿಸಿ ಕಲಸಿದ್ದನ್ನು ಗದ್ದೆಯಲ್ಲಿ ಬೀರುತ್ತಾರೆ. ಕಾಗೆಗೆ ಪಾಲು, ಬೆಳೆ ತಿನ್ನುವ ಇಲಿಗೂ ಪಾಲು. ಇಲಿಯ ಪಾಲು ನನಗೆ ಬಹಳ ಹಿಡಿಸಿತು.

"ಇದನ್ನೆಲ್ಲ ತಿಳಿದು ನಮಗೇನಾಗಬೇಕು?" ಎಂದು ಗೆಳತಿಯೊಬ್ಬಳು ಕೇಳಿದಳು. ಕೇಳಬೇಕಾದ ಪ್ರಶ್ನೆಯೇ. ನಾವು ಅಲ್ಲಾಹನನ್ನು ಮಾತ್ರ ಆರಾಧಿಸುವವರು, ಮಣ್ಣನ್ನಲ್ಲ. ಎಲ್ಲವೂ ಒಂದೇ ಎಂದು ಹೇಳಿ ನಾನು ಜಾರಿಕೊಳ್ಳುವುದಿಲ್ಲ. ಆದರೆ ಪೂಜೆಯಲ್ಲಿ ಸೇರದಿರುವುದು ಬೇರೆ, ಪಕ್ಕದ ಗದ್ದೆಯತ್ತ ಕಣ್ಣೆತ್ತಿಯೂ ನೋಡದಿರುವುದು ಬೇರೆ. ಬೆಳೆದದ್ದೆಲ್ಲ ಬೆಳೆದವನದಲ್ಲ ಎಂಬ ಮಾತು ನಮ್ಮಲ್ಲೂ ಇದೆ. ಮಳೆಯಲ್ಲಿ ಬೆಳೆದದ್ದರ ಹತ್ತನೇ ಒಂದು, ನೀರೆತ್ತಿ ಬೆಳೆದದ್ದರ ಇಪ್ಪತ್ತನೇ ಒಂದು ಪಾಲು ಉಶ್ರ್ ಎಂದು ಬಡವರಿಗೆ ಸಲ್ಲಬೇಕು.

ಸುಮಾರು 1,000 ವರ್ಷಗಳ ಹಿಂದೆ ಸಿಗ್ವತ್ ಎಂಬ ಕ್ರೈಸ್ತ ಕವಿ ಸ್ವೀಡನ್ನಿನ ಹಳ್ಳಿಮನೆಯೊಂದರಲ್ಲಿ ರಾತ್ರಿ ತಂಗಲು ಹೋದ. ಒಳಗೆ ಬಲಿಪೂಜೆ ನಡೆದಿದೆ ಎಂದು ಬಾಗಿಲಲ್ಲೇ ತಿರುಗಿಸಿ ಕಳಿಸಿದರು. ಆ ಪೂಜೆಯ ಸುದ್ದಿ ಇವತ್ತಿಗೆ ಉಳಿದಿರುವುದು ಹೊರಗೆ ನಿಂತಿದ್ದ ಅವನ ಪದ್ಯಗಳಿಂದ. ನಮಗಾದರೋ ಯಾರೂ ಬಾಗಿಲು ಹಾಕಿಲ್ಲ.

ತಡಮಾಡುವಂತೆಯೂ ಇಲ್ಲ. ನಮ್ಮ ಕಡೆ ಗದ್ದೆಗಳು ಒಂದೊಂದಾಗಿ ಅಡಿಕೆ ತೋಟಗಳಾಗುತ್ತಿವೆ. ಭತ್ತವೇ ಇಲ್ಲದ ಮೇಲೆ ಬುಟ್ಟಿ ಶೋಕೇಸಿಗೆ ಹೋಗುತ್ತದೆ, ಅಷ್ಟೆ.

ಈ ಸಲ ಬುಟ್ಟಿ ಬರೆಯುವಾಗ ಬನ್ನಿ ಎಂದು ಸಹಪಾಠಿಯ ಅಜ್ಜಿ ಹೇಳಿ ಕಳಿಸಿದ್ದಾರೆ. ನೋಟ್‌ಬುಕ್ ಹಿಡಿದು ನಾನಂತೂ ಹೋಗುತ್ತೇನೆ. ಬರುವವರು ಮೊದಲೇ ಹೇಳಿ, ಆ ಕಡೆ ಬಸ್ಸು ಕಡಿಮೆ.