ಶಾಲೆಯ ಲೆಕ್ಕ ಕೇಳುವವರು ಯಾರು?

ಮಾರ್ಚ್ 31ಕ್ಕೆ ಲೆಕ್ಕದ ಪುಸ್ತಕ ಮುಚ್ಚುತ್ತದೆ. ಲೆಕ್ಕ ಪರಿಶೋಧಕರ ಸಹಿ ಬಿದ್ದು, ವಾರ್ಷಿಕ ವರದಿ ಅಚ್ಚಾಗಿ, ಚೆನ್ನೈಯ ಕನ್ನಡ ಸಂಘ ಸಂಸ್ಥೆಗಳಲ್ಲಿ ಮಹಾಸಭೆಯ ನೋಟಿಸು ಹೊರಡುವ ಹೊತ್ತಿಗೆ ಶಾಲೆಗಳೂ ತೆರೆದಿರುತ್ತವೆ. ಸಭೆಯ ಕ್ರಮ ಎಲ್ಲರಿಗೂ ಬಾಯಿಪಾಠ. ಪ್ರಾರ್ಥನೆ, ಸ್ವಾಗತ, ಕಳೆದ ಸಭೆಯ ನಡಾವಳಿ, ಕಾರ್ಯದರ್ಶಿಗಳ ವರದಿ, ಕೋಶಾಧಿಕಾರಿಗಳ ಲೆಕ್ಕಪತ್ರ, ಕೊನೆಗೆ ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರ ವಿಷಯಗಳು’. ಈ ಕೊನೆಯ ಬಾಬ್ತಿನಲ್ಲಿಯೇ ಯಾರೋ ಒಬ್ಬ ಸದಸ್ಯರು ಎದ್ದು ನಿಲ್ಲುತ್ತಾರೆ. ಸಭಾಂಗಣದ ಬಾಡಿಗೆಯಿಂದ ಬಂದ ಹಣ ಎಷ್ಟು, ಅದರಲ್ಲಿ ಶಾಲೆಗೆ ಹೋದದ್ದು ಎಷ್ಟು ಎಂದು ಕೇಳುತ್ತಾರೆ. ಅಷ್ಟರಲ್ಲಿ ಊಟದ ಎಲೆ ಹಾಕಿರುತ್ತಾರೆ. ‘ಲಿಖಿತವಾಗಿ ಕೊಡಿ, ಸಮಿತಿಯಲ್ಲಿ ಇಡುತ್ತೇವೆ’ ಎಂಬ ಉತ್ತರದೊಂದಿಗೆ ವಂದನಾರ್ಪಣೆ ಮುಗಿಯುತ್ತದೆ.

ಮರುದಿನದಿಂದ ಫೋನಿನಲ್ಲಿ ಮಾತು ಶುರು. ಪ್ರಶ್ನೆ ಕೇಳಿದವರು ಯಾವ ಬಣದವರು, ಅವರ ಹಿಂದೆ ಇರುವವರು ಯಾರು, ಮುಂದಿನ ಚುನಾವಣೆಗೆ ಯಾರು ನಿಲ್ಲುತ್ತಾರೆ ಎಂಬ ಲೆಕ್ಕಾಚಾರವೇ ನಡೆಯುತ್ತದೆ ಹೊರತು ಕೇಳಿದ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಸಂಬಳವಿಲ್ಲದೆ, ಸ್ವಂತ ವ್ಯಾಪಾರ ವ್ಯವಹಾರ ಬಿಟ್ಟು ದುಡಿಯುವ ಪದಾಧಿಕಾರಿಗಳಿಗೆ ಇಂತಹ ಪ್ರಶ್ನೆ ನೋವು ತರುವುದು ಸಹಜ. ಆದರೆ ಕೇಳಿದವರು ಕಳ್ಳತನ ಆರೋಪಿಸಿದ್ದಾರೆಂದು ಭಾವಿಸುವ ಅಗತ್ಯವಿಲ್ಲ. ಸಂಘದ ಹಣ ಯಾವುದಕ್ಕೆ ಮೊದಲು ಎಂದು ಕೇಳುವುದು ಸದಸ್ಯತ್ವದ ಸಹಜ ಭಾಗ.

ಈ ನಗರದಲ್ಲಿ ಕನ್ನಡಿಗರ ಸಂಸ್ಥೆಗಳು ಹುಟ್ಟಿದ್ದು ಹೊಟ್ಟೆಪಾಡಿಗೆ ಬಂದವರ ಒಂಟಿತನದಿಂದ ಮಾತ್ರವಲ್ಲ. 1956ರ ನವೆಂಬರ್ 1ರವರೆಗೆ ಮಂಗಳೂರು, ಉಡುಪಿ, ಪುತ್ತೂರಿನವರಿಗೆ ಮದರಾಸೇ ರಾಜಧಾನಿ. ಬಳ್ಳಾರಿಯವರಿಗೆ 1953ರವರೆಗೆ. ಕಾಲೇಜಿಗೆ, ಹೈಕೋರ್ಟಿಗೆ, ಸೆಕ್ರೆಟೇರಿಯಟ್ಟಿನ ನೌಕರಿಗೆ ಬಂದವರು ಪರವೂರಿಗೆ ಬಂದೆವೆಂದುಕೊಂಡವರಲ್ಲ. ಕಿಟ್ಟೆಲರ ನಿಘಂಟನ್ನು ಮರಿಯಪ್ಪ ಭಟ್ಟರು ಪರಿಷ್ಕರಿಸಿ, ಅದು 1968ರಿಂದ 1971ರೊಳಗೆ ನಾಲ್ಕು ಸಂಪುಟಗಳಾಗಿ ಹೊರಬಂದದ್ದು ಮದರಾಸು ವಿಶ್ವವಿದ್ಯಾನಿಲಯದಿಂದಲೇ. ಉಡುಪಿ ಹೋಟೆಲಿನ ಗಲ್ಲಾಪೆಟ್ಟಿಗೆಯಿಂದ, ವಕೀಲರ ಫೀಸಿನಿಂದ, ಗುಮಾಸ್ತರ ತಿಂಗಳ ಚಂದಾದಿಂದ ಕೂಡಿದ ಹಣ ಅಂದು ಶಾಲೆಯ ಗೋಡೆಯಾಯಿತು. ರಾಜ್ಯ ವಿಂಗಡಣೆಯಾದ ಮೇಲೆ ಅದೇ ಜನ ಭಾಷಾ ಅಲ್ಪಸಂಖ್ಯಾತರಾದರು. 2011ರ ಜನಗಣತಿಯಂತೆ ತಮಿಳುನಾಡಿನಲ್ಲಿ ಕನ್ನಡ ಮಾತೃಭಾಷೆಯವರು ಹನ್ನೆರಡು ಲಕ್ಷಕ್ಕೂ ಹೆಚ್ಚು. ಹೊಸೂರು, ತಾಳವಾಡಿಯ ಗಡಿನಾಡಿನಲ್ಲಿ ಕನ್ನಡ ಇನ್ನೂ ಬೀದಿಯ ಮಾತು. ಚೆನ್ನೈಯಲ್ಲಿ ಅದು ಮನೆಯ ಮಾತು, ಕೆಲವು ಮನೆಗಳಲ್ಲಿ ಅಜ್ಜಿಯೊಬ್ಬರ ಮಾತು.

ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮಗೆ ಬೇಕಾದ ಶಿಕ್ಷಣ ಸಂಸ್ಥೆ ಕಟ್ಟುವ, ನಡೆಸುವ ಹಕ್ಕು ಕೊಟ್ಟಿದೆ. ಯಾರು ಅಲ್ಪಸಂಖ್ಯಾತರು ಎಂಬುದನ್ನು ರಾಜ್ಯವಾರು ನೋಡಬೇಕೆಂದು ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳ ಪೀಠ 2002ರ ಅಕ್ಟೋಬರಿನಲ್ಲಿ ಹೇಳಿತು. ಮಣಿಪಾಲದ ಸಂಸ್ಥೆಯೊಂದು ಹೂಡಿದ ದಾವೆಯಿಂದ ಚೆನ್ನೈಯ ಕನ್ನಡ ಶಾಲೆಗೂ ಬಲ ಬಂದದ್ದು ಹೀಗೆ. ಆದರೆ ಈ ಹಕ್ಕಿನ ಇನ್ನೊಂದು ಮುಖವನ್ನು ವೇದಿಕೆಯ ಭಾಷಣಗಳಲ್ಲಿ ಯಾರೂ ನೆನಪಿಸುವುದಿಲ್ಲ. ಕೇರಳ ಶಿಕ್ಷಣ ಮಸೂದೆಯ ಕುರಿತು 1958ರ ಮೇ ತಿಂಗಳಲ್ಲಿ ಅಭಿಪ್ರಾಯ ಕೊಟ್ಟ ಸುಪ್ರೀಂ ಕೋರ್ಟ್, ಆಡಳಿತ ನಡೆಸುವ ಹಕ್ಕಿನಲ್ಲಿ ದುರಾಡಳಿತ ನಡೆಸುವ ಹಕ್ಕು ಸೇರಿಲ್ಲವೆಂದು ಆಗಲೇ ಸ್ಪಷ್ಟಪಡಿಸಿತ್ತು.

ಈಗ ಒಂದು ವಿಚಿತ್ರವನ್ನು ಗಮನಿಸಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಮಿನಂತೆ ಸರಕಾರಿ ಶಾಲೆಯಲ್ಲಿ ಆಡಳಿತ ಸಮಿತಿ ಇರಬೇಕು. ಅದರಲ್ಲಿ ನಾಲ್ಕರಲ್ಲಿ ಮೂರು ಪಾಲು ಹೆತ್ತವರು, ಒಟ್ಟಿನಲ್ಲಿ ಅರ್ಧದಷ್ಟು ಮಹಿಳೆಯರು. ಶಾಲೆಯ ಅಭಿವೃದ್ಧಿ ಯೋಜನೆ ತಯಾರಿಸುವುದು, ಅನುದಾನ ಹೇಗೆ ಖರ್ಚಾಯಿತೆಂದು ನೋಡುವುದು ಅವರ ಕೆಲಸ. ತಮಿಳುನಾಡು ಸರಕಾರ 2022ರಲ್ಲಿ ಈ ಸಮಿತಿಗಳನ್ನು ಹೊಸದಾಗಿ ರಚಿಸಲು ಹೊರಟಾಗ ರಾಜ್ಯದಾದ್ಯಂತ ಹೆತ್ತವರ ಸಭೆಗಳು ನಡೆದವು. ಕಾರ್ಪೊರೇಷನ್ ಶಾಲೆಯಲ್ಲಿ ಮಗುವನ್ನು ಬಿಟ್ಟು ಮನೆಗೆಲಸಕ್ಕೆ ಹೋಗುವ ತಾಯಿಗೂ ಶೌಚಾಲಯದ ದುರಸ್ತಿಗೆ ಬಂದ ಹಣ ಏನಾಯಿತೆಂದು ಕೇಳುವ ಹಕ್ಕು ಕಾನೂನಿನಿಂದ ಬಂದಿದೆ. ಎಲ್ಲ ಕಡೆ ಅದು ಸರಿಯಾಗಿ ನಡೆಯುತ್ತದೆಂದಲ್ಲ, ಆದರೆ ಕುರ್ಚಿಯಾದರೂ ಇದೆ.

ಅಲ್ಪಸಂಖ್ಯಾತರ ಶಾಲೆಯಲ್ಲಿ ಆ ಕುರ್ಚಿ ಇಲ್ಲ. 2012ರ ತಿದ್ದುಪಡಿ ಅಲ್ಲಿನ ಸಮಿತಿಯನ್ನು ಬರೇ ಸಲಹೆಗೆ ಸೀಮಿತಗೊಳಿಸಿತು. 2014ರ ಮೇ 6ರಂದು ಪ್ರಮತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಡೀ ಕಾಯ್ದೆಯೇ ಅಲ್ಪಸಂಖ್ಯಾತ ಶಾಲೆಗಳಿಗೆ, ಅನುದಾನ ಪಡೆಯುವುದಿರಲಿ ಬಿಡಲಿ, ಅನ್ವಯವಾಗದೆಂದಿತು. 2025ರ ಸೆಪ್ಟೆಂಬರಿನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ ಆ ತೀರ್ಪಿನ ಬಗ್ಗೆಯೇ ಸಂದೇಹ ವ್ಯಕ್ತಪಡಿಸಿ, ವಿಷಯವನ್ನು ದೊಡ್ಡ ಪೀಠದ ಮುಂದಿಡುವಂತೆ ಮುಖ್ಯ ನ್ಯಾಯಮೂರ್ತಿಗಳಿಗೆ ಕಳುಹಿಸಿದೆ. ಅಲ್ಲಿಯ ತೀರ್ಮಾನ ಏನೇ ಆಗಲಿ, ಹನ್ನೆರಡು ವರ್ಷಗಳಿಂದ ಸಂಘಗಳಿಗೆ ಸಿಕ್ಕ ಈ ಸ್ವಾತಂತ್ರ್ಯವನ್ನು ಹೆತ್ತವರನ್ನು ದೂರವಿಡಲು ಬಳಸಿಕೊಂಡರೆ ಅದು 30ನೇ ವಿಧಿಗೆ ಗೌರವ ತರುವ ಕೆಲಸವಲ್ಲ. ಸಮಿತಿ ಬೇಕೆಂದು ಕಾನೂನು ಹೇಳದಿದ್ದರೆ ಸಮಿತಿ ಮಾಡಬಾರದೆಂದು ಅರ್ಥವೇ?

ಇದರ ಮೇಲೆ ಇನ್ನೊಂದು ತೊಡಕು. ಸಂಘದಲ್ಲಿ ಮತ ಇರುವವರು ಆಜೀವ ಸದಸ್ಯರು. ಅವರಲ್ಲಿ ಹೆಚ್ಚಿನವರ ಮಕ್ಕಳು, ಮೊಮ್ಮಕ್ಕಳು ಸಿ.ಬಿ.ಎಸ್.ಇ. ಶಾಲೆಗಳಲ್ಲಿದ್ದಾರೆ, ಇಲ್ಲವೇ ಬೆಂಗಳೂರಿನಲ್ಲಿ, ಅಮೆರಿಕದಲ್ಲಿದ್ದಾರೆ. ಸಂಘದ ಶಾಲೆಗೆ ಮಗುವನ್ನು ಕಳುಹಿಸುವ ಹೆತ್ತವರಲ್ಲಿ ಕನ್ನಡೇತರರೂ ಇದ್ದಾರೆ, ಬಡ ಕನ್ನಡಿಗರೂ ಇದ್ದಾರೆ. ಆಜೀವ ಸದಸ್ಯತ್ವದ ಶುಲ್ಕ ತೆರುವ ಯೋಚನೆ ಅವರಿಗೆ ಬಂದಿರುವುದಿಲ್ಲ, ಬಾ ಎಂದು ಕರೆದವರೂ ಇಲ್ಲ. ಹೀಗಾಗಿ ಮತ ಇರುವವರಿಗೆ ಶಾಲೆಯ ಬಿಸಿ ತಟ್ಟುವುದಿಲ್ಲ, ಬಿಸಿ ತಟ್ಟುವವರಿಗೆ ಮತವಿಲ್ಲ. ಸಭಾಂಗಣಕ್ಕೆ ಏರ್ ಕಂಡೀಷನ್ ಹಾಕಿಸುವ ನಿರ್ಣಯಕ್ಕೆ ಕೂಡಲೇ ಕೈಗಳು ಏಳುತ್ತವೆ, ಕನ್ನಡ ಶಿಕ್ಷಕಿಯ ಸಂಬಳ ಏರಿಸುವ ಮಾತು ಮುಂದಿನ ಸಭೆಗೆ ಹೋಗುತ್ತದೆ. ಇದರಲ್ಲಿ ಯಾರ ದುರುದ್ದೇಶವೂ ಇರಬೇಕಾಗಿಲ್ಲ.

ಸಭಾಂಗಣವನ್ನು ಹೀಗಳೆಯುವುದೂ ಸರಿಯಲ್ಲ. ಮದುವೆ, ಉಪನಯನ, ಸೀಮಂತಕ್ಕೆ ಬರುವ ಬಾಡಿಗೆಯೇ ಎಷ್ಟೋ ಸಂಸ್ಥೆಗಳಿಗೆ ಆಧಾರ. ಆ ಹಣ ಇಲ್ಲದಿದ್ದರೆ ಶಾಲೆಯ ಸುಣ್ಣ ಬಣ್ಣಕ್ಕೂ ದಾನಿಗಳ ಮನೆ ಬಾಗಿಲಿಗೆ ಹೋಗಬೇಕು. ನವೆಂಬರಿನ ರಾಜ್ಯೋತ್ಸವಕ್ಕೆ ಬೆಂಗಳೂರಿನಿಂದ ಕಲಾವಿದರನ್ನು ಕರೆಸುವುದೂ ತಪ್ಪಲ್ಲ, ವರ್ಷಕ್ಕೊಮ್ಮೆ ಕನ್ನಡದ ಹಾಡು ಕೇಳಿ ಕಣ್ಣು ತೇವ ಮಾಡಿಕೊಳ್ಳುವ ಹಿರಿಯರಿಗೆ ಅದು ಬೇಕು. ಹಾರ, ಶಾಲು, ಫಲಪುಷ್ಪ, ನೆನಪಿನ ಕಾಣಿಕೆಯ ಖರ್ಚು ಮಾತ್ರ ವರ್ಷದಿಂದ ವರ್ಷಕ್ಕೆ ಬೆಳೆಯುವುದು ಹೇಗೆಂದು ಯಾವ ಕೋಶಾಧಿಕಾರಿಯೂ ವಿವರಿಸಿಲ್ಲ. ಪ್ರಶ್ನೆ ಇರುವುದು ಪ್ರಮಾಣದಲ್ಲಿ, ಮತ್ತು ಆ ಪ್ರಮಾಣ ನಿರ್ಧರಿಸುವಾಗ ಶಾಲೆಯ ಪರವಾಗಿ ಮಾತಾಡುವವರು ಕೊಠಡಿಯಲ್ಲಿದ್ದರೇ ಎಂಬುದರಲ್ಲಿ.

ಶಾಲೆಗೆ ಈಗ ಹಣ ಏಕೆ ಹೆಚ್ಚು ಬೇಕು ಎಂಬುದಕ್ಕೂ ಕಾರಣವಿದೆ. 2006ರ ತಮಿಳು ಕಲಿಕಾ ಕಾಯ್ದೆಯಂತೆ 2006-07ರಲ್ಲಿ ಒಂದನೇ ತರಗತಿಯಿಂದ ತಮಿಳು ಕಡ್ಡಾಯವಾಯಿತು. ವರ್ಷಕ್ಕೊಂದು ತರಗತಿಯಂತೆ ಏರುತ್ತ 2015-16ರಲ್ಲಿ ಹತ್ತನೆಯ ತರಗತಿ ತಲುಪಿತು. ಅದುವರೆಗೆ ಮೊದಲ ಭಾಷೆಯಾಗಿದ್ದ ಕನ್ನಡ ಐಚ್ಛಿಕ ವಿಷಯದ ಸ್ಥಾನಕ್ಕೆ ಸರಿಯಿತು. ಭಾಷಾ ಅಲ್ಪಸಂಖ್ಯಾತರ ಸಂಘಟನೆಗಳು ಮದರಾಸು ಹೈಕೋರ್ಟಿಗೆ ಹೋದವು, ಪರೀಕ್ಷೆಯ ಹೊಸ್ತಿಲಲ್ಲಿ ಆಯಾ ಸಾಲಿನ ಮಕ್ಕಳಿಗೆ ವಿನಾಯಿತಿ ಸಿಕ್ಕಿತು. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಆ ವಿನಾಯಿತಿಯನ್ನು ಇನ್ನೊಂದು ವರ್ಷಕ್ಕೆ ವಿಸ್ತರಿಸಿತು. ತಮಿಳು ಕಲಿಯುವುದರಿಂದ ಇಲ್ಲಿಯ ಕನ್ನಡ ಮಗುವಿಗೆ ನಷ್ಟವೇನಿಲ್ಲ, ಅದು ಬೀದಿಯಲ್ಲಿ ಆಡುವುದೇ ತಮಿಳು. ಕನ್ನಡದ ಪೀರಿಯಡ್ಡು ಉಳಿಯಬೇಕಾದರೆ ಮಾತ್ರ ಇನ್ನು ಮುಂದೆ ಅದನ್ನು ಉಳಿಸಬೇಕಾದವರು ಸರಕಾರದವರಲ್ಲ, ಸಂಘದವರು. ಶಿಕ್ಷಕಿ ನಿವೃತ್ತರಾದರೆ ಆ ಜಾಗಕ್ಕೆ ಸಂಘವೇ ಸಂಬಳ ಕೊಟ್ಟು ಒಬ್ಬರನ್ನು ಇಡಬೇಕಾಗಿ ಬರಬಹುದು. ಕನ್ನಡ ಬಲ್ಲ, ಬಿ.ಎಡ್. ಆದ ಯುವತಿ ಈ ನಗರದಲ್ಲಿ ಅಗ್ಗದ ಸಂಬಳಕ್ಕೆ ಸಿಗುವುದೂ ಕಷ್ಟ.

2009ರ ಆಗಸ್ಟಿನಲ್ಲಿ ಬೆಂಗಳೂರಿನ ಹಲಸೂರಿನಲ್ಲಿ ತಿರುವಳ್ಳುವರ್, ನಾಲ್ಕು ದಿನ ಕಳೆದು ಅಯನಾವರಂನ ಜೀವಾ ಉದ್ಯಾನದಲ್ಲಿ ಸರ್ವಜ್ಞ, ಹೀಗೆ ಎರಡು ಪ್ರತಿಮೆಗಳು ಅನಾವರಣಗೊಂಡವು. ಇಬ್ಬರು ಮುಖ್ಯಮಂತ್ರಿಗಳು ಬಂದರು, ಚೆನ್ನೈಯ ಕನ್ನಡಿಗರು ಸಂಭ್ರಮಿಸಿದರು. ಅಂದು ಶಾಲೆಯಿಂದ ಸಾಲಾಗಿ ಹೋಗಬಹುದಾಗಿದ್ದಂತಹ ಮಕ್ಕಳು ಇಂದು ಎಷ್ಟು ಜನ ಉಳಿದಿದ್ದಾರೆ, ಸರ್ವಜ್ಞನ ಒಂದು ತ್ರಿಪದಿಯನ್ನು ತಡವರಿಸದೆ ಓದುವವರು ಎಷ್ಟು ಎಂಬ ಸಂಖ್ಯೆ ವಾರ್ಷಿಕ ವರದಿಗಳಲ್ಲಿ ಬರಬೇಕು. ಬರುವುದು ಹತ್ತನೆಯ ತರಗತಿಯ ಶೇಕಡಾ ಫಲಿತಾಂಶ, ಮತ್ತು ಮುಖ್ಯ ಅತಿಥಿಗಳ ಭಾವಚಿತ್ರ.

ಪ್ರಶ್ನೆ ಕೇಳಿದಾಗಲೆಲ್ಲ ಹಿರಿಯರು ಹೇಳುವ ಮಾತೊಂದಿದೆ. ‘ಪರನಾಡಿನಲ್ಲಿದ್ದೇವೆ, ನಮ್ಮೊಳಗೆ ಜಗಳ ಬೇಡ.’ ಅವರ ಭಯ ಆಧಾರವಿಲ್ಲದ್ದಲ್ಲ. 2016ರ ಸೆಪ್ಟೆಂಬರ್ 12ರಂದು ಕಾವೇರಿ ಗಲಾಟೆಯ ಹೊತ್ತಿನಲ್ಲಿ ಮೈಲಾಪುರದ ನ್ಯೂ ವುಡ್‌ಲ್ಯಾಂಡ್ಸ್ ಹೋಟೆಲಿನ ಮೇಲೆ ದಾಳಿ ನಡೆದು ಪೆಟ್ರೋಲ್ ಬಾಂಬು ಬಿದ್ದದ್ದು, ಕರ್ನಾಟಕ ಮೂಲದ ಸಂಸ್ಥೆಗಳಿಗೆ ಪೊಲೀಸ್ ಕಾವಲು ಹಾಕಿದ್ದು ಮರೆಯುವಂತಹದ್ದಲ್ಲ. ಆ ದಿನ ಬೆಂಗಳೂರಿನಲ್ಲಿ ತಮಿಳರ ಬಸ್ಸುಗಳು ಉರಿದವು, ಅದನ್ನೂ ಮರೆಯಬಾರದು. ಆದರೆ ಹೊರಗಿನ ಗಲಭೆಗೂ ಒಳಗಿನ ಲೆಕ್ಕಕ್ಕೂ ಸಂಬಂಧವೇನು? ಕಲ್ಲೆಸೆಯುವವನು ಸಂಘದ ಆಯವ್ಯಯ ನೋಡಿ ಎಸೆಯುವುದಿಲ್ಲ. ಒಗ್ಗಟ್ಟಿನ ಹೆಸರಿನಲ್ಲಿ ಅದುಮಿಟ್ಟ ಅಸಮಾಧಾನ ಕೊನೆಗೆ ಹೊರಬರುವುದು ನೋಂದಣಾಧಿಕಾರಿಗಳ ಕಚೇರಿಯಲ್ಲಿ, ಹೊರಗಿನವರ ಮುಂದೆಯೇ.

1975ರ ತಮಿಳುನಾಡು ಸಂಘಗಳ ನೋಂದಣಿ ಕಾಯ್ದೆಯ 36ನೇ ಕಲಮಿನಂತೆ ಮೂರರಲ್ಲಿ ಒಂದು ಪಾಲು ಸದಸ್ಯರು ಅರ್ಜಿ ಕೊಟ್ಟರೆ ಸಂಘದ ಹಣಕಾಸು, ಆಡಳಿತದ ಬಗ್ಗೆ ನೋಂದಣಾಧಿಕಾರಿಗಳು ವಿಚಾರಣೆ ನಡೆಸಬಹುದು. ಅಷ್ಟು ಸಹಿ ಕೂಡಿಸುವುದು ಸುಲಭವಲ್ಲ. ಕೂಡದವರು ನ್ಯಾಯಾಲಯದ ಮೆಟ್ಟಿಲು ಹತ್ತುತ್ತಾರೆ. ಅಲ್ಲಿಗೆ ಹೋದ ಹಣದ ಗತಿ ಏನಾಗುತ್ತದೆಂದು ತಿಳಿಯಲು ಈ ನಗರದವರು ದೂರ ಹೋಗಬೇಕಾಗಿಲ್ಲ. ದುಭಾಷಿಯಾಗಿ ದೊಡ್ಡ ಆಸ್ತಿ ಮಾಡಿದ್ದ ಪಚ್ಚೈಯಪ್ಪ ಮೊದಲಿಯಾರರು 1794ರಲ್ಲಿ ತೀರಿಕೊಂಡಾಗ ದಾನ ಧರ್ಮಕ್ಕೆಂದು ಉಯಿಲು ಬರೆದಿಟ್ಟಿದ್ದರು. ಹಣ ವ್ಯಾಜ್ಯದಲ್ಲಿ ಸಿಲುಕಿ, ಅಂದಿನ ಮದರಾಸು ಸುಪ್ರೀಂ ಕೋರ್ಟ್ 1832ರಲ್ಲಿ ವ್ಯವಸ್ಥೆ ಮಾಡಿಕೊಟ್ಟ ಮೇಲೆ, ಅವರ ಹೆಸರಿನ ಶಾಲೆಯ ಬಾಗಿಲು ತೆರೆದದ್ದು 1842ರಲ್ಲಿ. ಅರ್ಧ ಶತಮಾನ ಸಂದಿತ್ತು. ಇತ್ತೀಚಿನ ವರ್ಷಗಳಲ್ಲಿಯೂ ಆ ಟ್ರಸ್ಟಿನ ಆಡಳಿತದ ತಕರಾರು ಹೈಕೋರ್ಟಿಗೆ ಹೋಗಿ, ನಿವೃತ್ತ ನ್ಯಾಯಮೂರ್ತಿಗಳನ್ನು ಆಡಳಿತಗಾರರಾಗಿ ನೇಮಿಸಬೇಕಾಯಿತು. ಅಷ್ಟು ದೊಡ್ಡ ಆಸ್ತಿ ಇದ್ದ ಸಂಸ್ಥೆ ತಡೆದುಕೊಂಡಿತು. ಒಂದು ಸಭಾಂಗಣ, ಒಂದು ಶಾಲೆ, ಕೆಲವು ದತ್ತಿನಿಧಿ ಇರುವ ಸಂಘ ಎರಡು ವಕೀಲರ ಫೀಸನ್ನು ಎಷ್ಟು ವರ್ಷ ತಡೆದೀತು?

ಹಾಗಾಗದಿರಲು ಮಾಡಬೇಕಾದದ್ದು ದೊಡ್ಡ ಕ್ರಾಂತಿಯೇನಲ್ಲ. ಆದಾಯ ತೆರಿಗೆ ವಿನಾಯಿತಿ ಪಡೆಯುವ ಸಂಸ್ಥೆ ತನ್ನ ಆದಾಯದ ಶೇ. 85ನ್ನು ಉದ್ದೇಶಿತ ಕಾರ್ಯಕ್ಕೆ ಬಳಸಿದ್ದನ್ನು ಇಲಾಖೆಗೆ ಹೇಗೂ ತೋರಿಸಲೇಬೇಕು. ಇಲಾಖೆಗೆ ತೋರಿಸುವ ಲೆಕ್ಕವನ್ನು ಸದಸ್ಯರಿಗೆ ತೋರಿಸಲು ಸಂಕೋಚವೇಕೆ? ಶಾಲೆಯ ಆಯವ್ಯಯವನ್ನು ಸಂಘದ ಆಯವ್ಯಯದಲ್ಲಿ ಒಂದು ಸಾಲಾಗಿ ಮುಗಿಸದೆ ಪ್ರತ್ಯೇಕವಾಗಿ ಅಚ್ಚು ಹಾಕಿಸಿ, ಮಹಾಸಭೆಗೆ ಮೊದಲೇ ಶಾಲೆಯ ಸೂಚನಾ ಫಲಕದಲ್ಲಿ ಕನ್ನಡ, ತಮಿಳು ಎರಡರಲ್ಲೂ ಅಂಟಿಸಬೇಕು. ತಂದೆ ತಾಯಿಯ ಹೆಸರಿನಲ್ಲಿ ದತ್ತಿ ಇಟ್ಟ ದಾನಿಗಳಿಗೆ ಬಡ್ಡಿ ಯಾವ ಮಗುವಿನ ಪುಸ್ತಕಕ್ಕೆ ಹೋಯಿತೆಂದು ಒಂದು ಕಾಗದ ಬರೆಯಬೇಕು. ಮುಖ್ಯವಾಗಿ, ಶಾಲಾ ಸಮಿತಿಯಲ್ಲಿ ಈಗ ಓದುತ್ತಿರುವ ಮಕ್ಕಳ ಹೆತ್ತವರು ಕನಿಷ್ಠ ಇಬ್ಬರಿರಬೇಕು, ಅವರಲ್ಲಿ ಒಬ್ಬರು ತಾಯಿ. ಅವರು ಸಂಘದ ಸದಸ್ಯರಲ್ಲದಿದ್ದರೂ, ಮನೆಮಾತು ಕನ್ನಡವಲ್ಲದಿದ್ದರೂ ಅವರಿಗೆ ಮತ ಇರಬೇಕು. ಇದರಿಂದ ಸಂಸ್ಥೆಯ ಅಲ್ಪಸಂಖ್ಯಾತ ಸ್ವರೂಪಕ್ಕೆ ಧಕ್ಕೆ ಬರುತ್ತದೆಂಬ ಆತಂಕಕ್ಕೆ ಕಾರಣವಿಲ್ಲ, ಬಹುಮತ ಸಂಘದ ಪ್ರತಿನಿಧಿಗಳದ್ದೇ ಆಗಿರುತ್ತದೆ.

ಇಂತಹ ಬದಲಾವಣೆಗೆ ನಿಯಮಾವಳಿಯ ತಿದ್ದುಪಡಿ ಬೇಕಾದರೆ ಅದಕ್ಕೆ ವಿಶೇಷ ನಿರ್ಣಯ ಆಗಬೇಕು. ಊಟದ ಎಲೆ ಹಾಕಿದ ಮೇಲೆ ಎದ್ದು ನಿಂತು ಕೇಳಿದರೆ ಅದು ಆಗುವ ಕೆಲಸವಲ್ಲ. ಆಸಕ್ತ ಸದಸ್ಯರು ಕರಡನ್ನು ಈಗಲೇ ಬರೆದು, ಸಹಿ ಹಾಕಿ, ಮಹಾಸಭೆಯ ನೋಟಿಸು ಅಚ್ಚಿಗೆ ಹೋಗುವ ಮೊದಲು ಕಾರ್ಯದರ್ಶಿಗಳ ಕೈಗೆ ಕೊಟ್ಟು ಸ್ವೀಕೃತಿ ಪಡೆಯಬೇಕು.