ಕಲಾಸಿಗಳು ಎಲ್ಲಿ ಮಲಗುತ್ತಿದ್ದರು?

ರಾಜ್ಯ ಪುರಾತತ್ವ, ಸಂಗ್ರಹಾಲಯ ಮತ್ತು ಪರಂಪರೆ ಇಲಾಖೆಯ ಮಾನ್ಯ ಆಯುಕ್ತರಿಗೆ,



ಕಳೆದ ತಿಂಗಳು ಊರಿನಿಂದ ಬಂದ ಅಕ್ಕನ ಮಗನನ್ನು ಕಲಾಸಿಪಾಳ್ಯದ ಬಸ್ ನಿಲ್ದಾಣದಿಂದ ಚಾಮರಾಜಪೇಟೆಯ ನಮ್ಮ ಮನೆಗೆ ನಡೆಸಿಕೊಂಡು ಬರುತ್ತಿದ್ದೆ. ಒಂಬತ್ತನೇ ಕ್ಲಾಸಿನ ಹುಡುಗ. ಅಂಗಡಿ ಬೋರ್ಡುಗಳನ್ನು ಓದುತ್ತ ಬಂದವನು, "ಮಾವ, ಕಲಾಸಿ ಅಂದ್ರೆ ಏನು?" ಎಂದ. ದಂಡಿನ ಜೊತೆ ಹೋಗಿ ಡೇರೆ ಹೊಡೆಯುವವರು, ಫಿರಂಗಿಗೆ ಹೆಗಲು ಕೊಡುವವರು, ಸಾಮಾನು ಹೊರುವವರು. ಪಾಳ್ಯ ಅಂದರೆ ದಂಡು ಇಳಿಯುವ ಜಾಗ ಎಂದೆ. ಅಷ್ಟಕ್ಕೇ ಬಿಡಲಿಲ್ಲ. "ಹಾಗಾದ್ರೆ ಅವರೆಲ್ಲ ಎಲ್ಲಿ ಮಲಗ್ತಿದ್ರು?"

ನನ್ನಲ್ಲಿ ಉತ್ತರವಿರಲಿಲ್ಲ. ಹುಡುಗನಿಗೆ ಒಂದು ಕಾಫಿ ಕುಡಿಸಿ ಮಾತು ಮರೆಸಿದೆ. ಆ ಸಾಲ ತೀರಿಸಲೆಂದೇ ನಿಮಗೆ ಬರೆಯುತ್ತಿದ್ದೇನೆ.

ನಮ್ಮ ಬೀದಿಗಳಿಂದ ಕೃಷ್ಣರಾಜೇಂದ್ರ ರಸ್ತೆಗೆ ಬಂದರೆ ಕೋಟೆಯ ಉಳಿದ ತುಣುಕು ಸಿಗುತ್ತದೆ. ಹೈದರಾಲಿ 1761ರಲ್ಲಿ ಕಲ್ಲಿನಲ್ಲಿ ಕಟ್ಟಿಸಿದ ಕೋಟೆ ಅದು. ಈಗ ನಿಂತಿರುವುದು ದೆಹಲಿ ಬಾಗಿಲು ಮತ್ತು ಅದರ ಅಕ್ಕಪಕ್ಕದ ಗೋಡೆ ಮಾತ್ರ. 1791ರ ಮಾರ್ಚ್ 21ರ ರಾತ್ರಿ ಕಾರ್ನ್‌ವಾಲಿಸನ ಸೈನ್ಯ ಗೋಡೆ ಒಡೆದು ನುಗ್ಗಿದ ಜಾಗಕ್ಕೆ ಇಂಗ್ಲಿಷಿನಲ್ಲಿ ಕೆತ್ತಿದ ಕಲ್ಲೊಂದಿದೆ. ಆ ರಾತ್ರಿ ಕೋಟೆ ಕಾಯುತ್ತ ಸತ್ತ ಕಿಲ್ಲೇದಾರ ಬಹಾದೂರ್ ಖಾನನ ಹೆಸರು ಇತಿಹಾಸದ ಪುಸ್ತಕಗಳಲ್ಲಾದರೂ ಸಿಗುತ್ತದೆ. ಅವನ ಕೈಕೆಳಗೆ ಇದೇ ಗೋಡೆಗಳ ನಡುವೆ ಉಂಡು, ಮಲಗಿ, ಮಕ್ಕಳು ಮರಿ ಸಾಕಿದ ಸಿಪಾಯಿಗಳ ಬಗ್ಗೆ ಒಂದು ಸಾಲಿಲ್ಲ. ಒಳಗೆ ನುಗ್ಗಿದವರಿಗೆ ಕಲ್ಲು, ಒಳಗೆ ಬಾಳಿದವರಿಗೆ ಏನೂ ಇಲ್ಲ.

ಇದು ಬರೀ ಬ್ರಿಟಿಷರ ತಪ್ಪಲ್ಲ. ಹಂಪಿಗೆ ಹೋದವರೆಲ್ಲ ಹನ್ನೊಂದು ಅಂಕಣದ ಆನೆಲಾಯದ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ. ಅದಕ್ಕೆ ತಾಗಿದಂತಿರುವ, ಕಾವಲುಗಾರರ ಮನೆ ಎನ್ನುವ ಕಟ್ಟಡದ ಜಗಲಿಯಲ್ಲಿ ಕೂತು ನೀರು ಕುಡಿದು ಎದ್ದು ಬರುತ್ತಾರೆ. ಆನೆ ಎಲ್ಲಿ ಮಲಗಿತ್ತು ಎಂಬುದು ನಮಗೆ ಚೆನ್ನಾಗಿ ಗೊತ್ತು.

1799ರಲ್ಲಿ ಟಿಪ್ಪು ಬಿದ್ದ ಮೇಲೆ ಕಂಪನಿಯ ದಂಡು ಶ್ರೀರಂಗಪಟ್ಟಣದಲ್ಲೇ ಉಳಿಯಿತು. ಅಲ್ಲಿಯ ಜ್ವರಕ್ಕೆ ಸೈನಿಕರು ಸಾಯತೊಡಗಿದಾಗ, 1809ರಲ್ಲಿ ಹಲಸೂರಿನ ಕಡೆಯ ಬಯಲಿಗೆ ಬಂತು. ನಮ್ಮ ದಂಡು ಪ್ರದೇಶದ ಹುಟ್ಟು ಅದು. ರೈಲು ನಿಲ್ದಾಣದ ಬೋರ್ಡಿನಲ್ಲಿ ಇಂದಿಗೂ 'ಬೆಂಗಳೂರು ದಂಡು' ಎಂದೇ ಇದೆ. ಶ್ರೀರಂಗಪಟ್ಟಣದ ಗ್ಯಾರಿಸನ್ ಸ್ಮಶಾನದಲ್ಲಿ ಆ ಕಾಲದ ಸುಮಾರು 300 ಗೋರಿಗಳನ್ನು ಚೊಕ್ಕವಾಗಿ ಉಳಿಸಿಕೊಂಡಿದ್ದಾರೆ, ಸಂತೋಷ. ಸತ್ತವರ ವಿಳಾಸ ಸಿಕ್ಕಿತು. ಬದುಕಿದವರದು ಇನ್ನೂ ಸಿಕ್ಕಿಲ್ಲ.

ಬದುಕಿದವರಲ್ಲೂ ಎರಡು ಪಂಕ್ತಿ. ಬಿಳಿಯ ಸೈನಿಕನಿಗೆ ಸರ್ಕಾರವೇ ಬ್ಯಾರಕ್ ಕಟ್ಟಿಸಿತು. ಮೊದಮೊದಲು ಅವೂ ಉಸಿರುಗಟ್ಟುವ ದೊಡ್ಡಿಗಳೇ. 1857ರ ದಂಗೆಯ ನಂತರ ನೇಮಿಸಿದ ಆಯೋಗದ ವರದಿ 1863ರಲ್ಲಿ ಹೊರಬಂತು: ಭಾರತದಲ್ಲಿ ಪ್ರತಿ ಸಾವಿರ ಗೋರಾ ಸೈನಿಕರಲ್ಲಿ ವರ್ಷಕ್ಕೆ 69 ಮಂದಿ ಸಾಯುತ್ತಿದ್ದರು, ಹೆಚ್ಚಿನವರು ಯುದ್ಧದಲ್ಲಲ್ಲ, ರೋಗದಲ್ಲಿ. ಆ ಲೆಕ್ಕದ ಹಿಂದೆ ದುಡಿದವರು ಫ್ಲಾರೆನ್ಸ್ ನೈಟಿಂಗೇಲ್. ಭಾರತಕ್ಕೆ ಒಮ್ಮೆಯೂ ಬಾರದ ಆಕೆ ಲಂಡನ್ನಿನಲ್ಲಿ ಕೂತು, ಇಲ್ಲಿಯ ಸೇನಾ ನೆಲೆಗಳಿಗೆ ಪ್ರಶ್ನೆಪಟ್ಟಿ ಕಳಿಸಿ, ಕುಡಿಯುವ ನೀರು ಎಲ್ಲಿಂದ ಬರುತ್ತದೆ, ಕೊಳಚೆ ಎಲ್ಲಿಗೆ ಹೋಗುತ್ತದೆ, ಒಬ್ಬನಿಗೆ ಎಷ್ಟು ಗಾಳಿ ಸಿಗುತ್ತದೆ ಎಂದು ಕೇಳಿದರು. ಆಮೇಲೆ ಬಂದದ್ದು ನಾವು ಬ್ಯಾರಕ್ ಅಂದಾಗ ನೆನೆಸಿಕೊಳ್ಳುವ ಕಟ್ಟಡ: ಎತ್ತರದ ಪಾಯ, ಎತ್ತರದ ಸೂರು, ಸುತ್ತಲೂ ವರಾಂಡ, ಒಂದರಿಂದ ಇನ್ನೊಂದಕ್ಕೆ ದೂರ.

ದೇಶೀ ಸಿಪಾಯಿಯ ಪಂಕ್ತಿಯೇ ಬೇರೆ. ಅವನಿಗೆ ಬ್ಯಾರಕ್ ಇಲ್ಲ, ಗುಡಿಸಲು ಭತ್ಯೆ. ಕೈಗೆ ಅಷ್ಟು ಕಾಸು ಕೊಟ್ಟು, ಸಾಲಿನಲ್ಲಿ ಒಂದು ಜಾಗ ತೋರಿಸಿದರೆ ಅವನೇ ಮಣ್ಣು ಕಲಸಿ ಗೋಡೆ ಎಬ್ಬಿಸಿ, ಹುಲ್ಲು ಹೊದಿಸಬೇಕು. ಆ ಸಾಲಿಗೇ 'ಲೈನು' ಎಂಬ ಹೆಸರು. ಮದ್ರಾಸ್ ಸೈನ್ಯದಲ್ಲಿ ಹೆಂಡತಿ ಮಕ್ಕಳು, ಮುದಿ ತಾಯಿ, ಒಮ್ಮೊಮ್ಮೆ ಹೆಂಡತಿಯ ತಮ್ಮನೂ ಆ ಲೈನಿನಲ್ಲೇ. 'ದಂಡಿನಲ್ಲಿ ಸೋದರಮಾವನೇ' ಎಂದು ಗಾದೆ ಕಟ್ಟಿದವರು ಈ ಲೈನುಗಳನ್ನು ನೋಡಿರಲಿಲ್ಲ ಎಂದು ಕಾಣುತ್ತದೆ. ಇಲ್ಲಿ ಸೋದರಮಾವ ಪಕ್ಕದ ಗುಡಿಸಲಿನಲ್ಲೇ ಇದ್ದ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದ ಆಳುಗಳ ವಸತಿಗೆ ಇವತ್ತಿಗೂ 'ಲೈನ್ ಮನೆ' ಎನ್ನುತ್ತಾರೆ. ಮಾತು ಒಂದೇ, ಬಾಳೂ ಹೆಚ್ಚು ಬೇರೆಯಿರಲಿಕ್ಕಿಲ್ಲ. ನಾನು ಬೆಳೆದ ಚಾಮರಾಜಪೇಟೆಯ ವಠಾರದಲ್ಲಿ ಎಂಟು ಮನೆಗೆ ಒಂದೇ ನಲ್ಲಿ. ಅದಕ್ಕೋ ಏನೋ, ಸಿಪಾಯಿ ಲೈನಿನ ಬೆಳಗಿನ ಜಗಳ ನನ್ನ ಕಿವಿಗೆ ಸಲೀಸಾಗಿ ಕೇಳಿಸುತ್ತದೆ.

1896ರಲ್ಲಿ ಬೆಂಗಳೂರಿಗೆ ಬಂದ ವಿನ್‌ಸ್ಟನ್ ಚರ್ಚಿಲ್ಲನ ಬಂಗಲೆ, ಅವನ ಗುಲಾಬಿ, ಚಿಟ್ಟೆ, ಕ್ಲಬ್ಬಿಗೆ ಉಳಿಸಿಹೋದ 13 ರೂಪಾಯಿ ಬಾಕಿ, ಇವೆಲ್ಲ ಪತ್ರಿಕೆಗಳಲ್ಲಿ ವರ್ಷಕ್ಕೊಮ್ಮೆ ಬರುತ್ತವೆ. ಅವನ ಕುದುರೆಗೆ ಹುಲ್ಲು ಕೊಯ್ದು ತಂದವನ ಗುಡಿಸಲಿನ ಸುದ್ದಿ ಒಮ್ಮೆಯೂ ಬಂದಿಲ್ಲ.

ನಮ್ಮ ಪೇಟೆಗೂ ಕೋಟೆಯ ದಂಡಿಗೂ ಇರುವ ಇನ್ನೊಂದು ನಂಟನ್ನು ಹೇಳಬೇಕು. ಕೋಟೆಯೊಳಗೆ ಸೈನಿಕರಿಗೆಂದು ಹತ್ತೊಂಬತ್ತನೇ ಶತಮಾನದ ಮೊದಲಲ್ಲಿ ಕಟ್ಟಿದ ಒಂದು ಪುಟ್ಟ ಚರ್ಚು ಇತ್ತು, ಡ್ರಮ್ಮರ್‌ಗಳ ಪ್ರಾರ್ಥನಾಮಂದಿರ ಎಂದು ಹೆಸರು. ನಗಾರಿ ಬಡಿಯುವ ಹುಡುಗರ ಹೆಸರಿನಲ್ಲಿ ದೇವರ ಮನೆ! 1930ರ ದಶಕದಲ್ಲಿ ವಾಣಿವಿಲಾಸ ಆಸ್ಪತ್ರೆಗಾಗಿ ಆ ಚರ್ಚು ಜಾಗ ಬಿಟ್ಟುಕೊಟ್ಟು, ನಮ್ಮ ಪೇಟೆಯ ಪಂಪಮಹಾಕವಿ ರಸ್ತೆಯಲ್ಲಿ ಸೇಂಟ್ ಲೂಕ್ಸ್ ಚರ್ಚಾಗಿ ಮರಳಿ ಎದ್ದಿತು. ದೇವರಿಗೆ ಬದಲಿ ನಿವೇಶನ ಸಿಕ್ಕಿತು. ಡ್ರಮ್ಮರ್ ಹುಡುಗರು ಮಲಗುತ್ತಿದ್ದ ಜಾಗದ ಗುರುತು ಆಸ್ಪತ್ರೆಗಳು, ಶಾಲೆ, ಮಾರುಕಟ್ಟೆಯ ಕೆಳಗೆ ಮುಚ್ಚಿಹೋಯಿತು.

ಕೋಟೆ ಕೇಂದ್ರದ ಪುರಾತತ್ವ ಸರ್ವೇಕ್ಷಣೆಯದು, ಬ್ಯಾರಕ್ಕುಗಳು ರಕ್ಷಣಾ ಇಲಾಖೆಯವು, ನಮ್ಮ ಕೈಯಲ್ಲೇನಿದೆ ಎಂದು ನೀವು ಕೇಳಬಹುದು. ಒಂದು ಪತ್ರವನ್ನಾದರೂ ಬರೆಯಬಹುದು. ಸೈನ್ಯಕ್ಕೆ ಮನೆ ಕಟ್ಟುವ ಇಲಾಖೆಯ ಹೆಸರು ಎಂಇಎಸ್. ಅದೇ ಮೂರಕ್ಷರ ಮಲ್ಲೇಶ್ವರದವರಿಗೆ ಕಾಲೇಜು, ಬೆಳಗಾವಿಯವರಿಗೆ ಬೇರೆಯೇ ತಲೆನೋವು. ನಿಮ್ಮ ಪತ್ರ ತಪ್ಪು ವಿಳಾಸಕ್ಕೆ ಹೋಗದಂತೆ ನೋಡಿಕೊಳ್ಳಿ, ಅಷ್ಟೆ. ಪತ್ರವನ್ನಂತೂ ಬರೆಯಿರಿ. ಸೈನಿಕ ಕುಟುಂಬಗಳಿಗೆ ಬಹುಮಹಡಿ ಮನೆಗಳು ಏಳುತ್ತಿವೆ, ಏಳಲೇಬೇಕು. ಸೋರುವ ಹೆಂಚಿನ ಕೆಳಗೆ ಯಾರೂ ಪರಂಪರೆಗಾಗಿ ಸಂಸಾರ ಮಾಡಬೇಕಿಲ್ಲ. ಹಳೆಯ ಬ್ಯಾರಕ್ಕನ್ನು ಕೆಡಹುವ ಮುನ್ನ ಅಳತೆ ತೆಗೆದು ನಕ್ಷೆ ಬರೆದಿಡಲು ಅವಕಾಶ ಕೇಳಿ. ಮದ್ರಾಸ್ ಸ್ಯಾಪರ್ಸ್ 1834ರಿಂದ ಈ ಊರಿನಲ್ಲಿದೆ. ಆ ಲೈನುಗಳಲ್ಲಿ ಹುಟ್ಟಿ ಬೆಳೆದ ಅಜ್ಜಿಯರು ಹಲಸೂರು, ಶಿವಾಜಿನಗರದ ಕಡೆ ಇನ್ನೂ ಇರಬೇಕು. ಒಲೆ ಎಲ್ಲಿತ್ತು, ನೀರು ಎಲ್ಲಿಂದ, ಗಂಡ ಯುದ್ಧಕ್ಕೆ ಹೋದಾಗ ಮನೆ ಬಿಡಿಸಿದರೇ ಎಂದು ಅವರನ್ನು ಅವರವರ ಮಾತಿನಲ್ಲೇ, ತಮಿಳೋ ದಖನಿಯೋ ತೆಲುಗೋ, ಕೇಳಿ ದಾಖಲಿಸಲು ನಿಮಗೆ ಯಾರ ಅಪ್ಪಣೆಯೂ ಬೇಕಿಲ್ಲ.

ಮತ್ತೆ, ದೆಹಲಿ ಬಾಗಿಲಿನ ಆ ಕಲ್ಲಿನ ಎದುರು ಕನ್ನಡದಲ್ಲಿ ಒಂದು ಫಲಕ. ಇಲ್ಲಿ ಯಾರಿದ್ದರು, ಹೇಗಿದ್ದರು ಎಂದು ನಾಲ್ಕು ಸಾಲು ಸಾಕು. ಬರೆಯುವವರು ಬೇಕಾದರೆ ಕನ್ನಡ ಸಾಹಿತ್ಯ ಪರಿಷತ್ತು ಇರುವುದು ನಮ್ಮ ಪೇಟೆಯಲ್ಲೇ, ನಡೆದೇ ಹೋಗಬಹುದು. ಒಂದೇ ಒಂದು ವಿನಂತಿ: ಕಚೇರಿಯಲ್ಲಿ ಯಾರಾದರೂ ಕರಡು ತಿದ್ದುವಾಗ 'ಕಲಾಸಿ' ಎಂಬುದನ್ನು ಹೊಡೆದುಹಾಕಿ 'ಸೇನಾ ಸಹಾಯಕ ಸಿಬ್ಬಂದಿ' ಎಂದು ಮಾಡಿಬಿಟ್ಟಾರು. ದಯವಿಟ್ಟು ತಡೆಯಿರಿ. ನಮ್ಮ ಹುಡುಗ ದಸರಾ ರಜೆಗೆ ಮತ್ತೆ ಅದೇ ಬಸ್ ನಿಲ್ದಾಣಕ್ಕೆ ಬಂದಿಳಿಯುತ್ತಾನೆ.

ಇಂತಿ ತಮ್ಮ ವಿಶ್ವಾಸಿ,
ಚಾಮರಾಜಪೇಟೆಯ ಒಬ್ಬ ನಿವಾಸಿ